ಬಂಡೆಯ ಮೇಲೆ ಮಲಗಿದ್ದ ಬಾಣಂತಿ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಹೊಳೆ ದಂಡೆಯಲ್ಲಿ ಜಗಳವಾಡಿ ಬಂದೆ. ಒಂಚೂರೂ ಬೇಜಾರಿಲ್ಲ.

ದುಪ್ಪಟಿ ಒಗೆಯಲು ಶ್ರೀರಂಗಪಟ್ಟಣದ ಹತ್ತಿರ ಕಾವೇರಿಗೆ ಇಳಿದಿದ್ದೆ. ಸ್ವಲ್ಪ ದೂರದ ಬಂಡೆಯ ಮೇಲೆ ನೀರುನಾಯಿಯೊಂದು ಎರಡು ಮರಿಗಳನ್ನು ಹೊಟ್ಟೆಗೆ ಒತ್ತಿಕೊಂಡು ಬಿಸಿಲಿಗೆ ಮಲಗಿತ್ತು. ಕಾರಿನಲ್ಲಿ ಬಂದ ಗಂಡ ಹೆಂಡತಿ ಅದನ್ನು ನೋಡಿದರು. ಗಂಡ ಫೋನು ಹಿಡಿದು ನೇರ ಬಂಡೆಯತ್ತ ನಡೆದ.

“ಅಲ್ಲೇ ನಿಂತ್ಕಳಿ ಸಾರ್. ಅತ್ರ ಓದ್ರೆ ತಾಯಿ ಎದುರ್ಕಂಡು ನೀರ್ಗೆ ಬಿದ್ಬುಡ್ತದೆ, ಮರಿಗಳು ಇಲ್ಲೇ ಉಳ್ಕತವೆ” ಎಂದೆ.

“ಒಂದೇ ಫೋಟೊ ಅಮ್ಮ. ನಾನೇನು ತಿಂದುಬಿಡ್ತೀನಾ?” ಎನ್ನುತ್ತಲೇ ಬಿಸ್ಕತ್ತು ಎಸೆದ. ತಾಯಿ ಬೆಚ್ಚಿ ತಲೆಯೆತ್ತಿತು.

ನನಗೆ ರೇಗಿಹೋಯಿತು. ಒದ್ದೆ ದುಪ್ಪಟಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಅವನಿಗೆ ಅಡ್ಡ ನಿಂತೆ. “ಮಲಗಿರೋ ಬಾಣಂತಿನ ಎಬ್ಸಿ ಬಿಸ್ಕತ್ತು ತಿನ್ನು ಅಂತೀಯೇನಪ್ಪಾ?”

“ಈ ಹೊಳೆ ನಿಮ್ಮಪ್ಪಂದಾ?”

“ನಮ್ಮಪ್ಪಂದೂ ಅಲ್ಲ, ನಿಮ್ಮಪ್ಪಂದೂ ಅಲ್ಲ. ಅದರಪ್ಪಂದು ಕಣಪ್ಪ.”

ಅವನ ಹೆಂಡತಿ ಕಿಸಕ್ಕನೆ ನಕ್ಕಳು. ಅವನಿಗೆ ಇನ್ನೂ ಸಿಟ್ಟು ಬಂತು. “ನಿಮ್ದೇ ವಿಡಿಯೊ ಮಾಡಿ ಹಾಕ್ತೀನಿ ನೋಡಿ” ಎಂದು ಫೋನನ್ನು ನನ್ನ ಮುಖಕ್ಕೆ ತಿರುಗಿಸಿದ.

“ಧಾರಾಳವಾಗಿ ಆಕು. ನಾನಂತೂ ಜಾಗ ಬುಡಾಕಿಲ್ಲ.”

ಅವನು ಬಹಳ ಹೊತ್ತು ಫೋನು ಇಳಿಸಲೇ ಇಲ್ಲ. ಕೊನೆಗೆ ಹೆಂಡತಿಯೇ “ಬನ್ರೀ, ಪಾಪ ಮಲಗ್ಲಿ” ಎಂದು ಅವನನ್ನು ಕರೆದೊಯ್ದಳು. ಕಾರಿನ ಸದ್ದು ಅಡಗಿದ ಮೇಲೆ ತಾಯಿ ಮತ್ತೆ ತಲೆ ಕೆಳಗಿಟ್ಟಿತು.

ಆ ವಿಡಿಯೊ ಎಲ್ಲಾದರೂ ಕಂಡರೆ ತಿಳಿಸಿ. ನನ್ನ ಮದುವೆಯಲ್ಲೂ ಯಾರೂ ನನ್ನನ್ನು ಅಷ್ಟು ಹೊತ್ತು ಶೂಟಿಂಗ್ ಮಾಡಿರಲಿಲ್ಲ.