ಬಿರುಕಿನ ಮೇಲಿನ ಗಾಜು

ನಮ್ಮ ದೊಡ್ಡಮ್ಮ ಕೂತಿದ್ದನ್ನು ನೋಡಿದವರು ಕಡಿಮೆ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವಳದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಾಜು ಕತ್ತರಿಸುವುದು ನಿಂತು ಮಾಡುವ ಕೆಲಸ, ಒಪ್ಪೋಣ. ಆದರೆ ಅವಳು ಊಟವನ್ನೂ ನಿಂತೇ ಮುಗಿಸುತ್ತಿದ್ದಳು. ಬಸ್ಸು ಓಡಿಸಿ ನಿವೃತ್ತರಾದ ದೊಡ್ಡಪ್ಪ, "ನಮ್ಮನೇಲಿ ಒಂದು ಕಡೆ ನಿಲ್ಲದೇ ಇರೋದು ಎರಡು. ಒಂದು ಇವಳು, ಇನ್ನೊಂದು ನೆಲ" ಎನ್ನುತ್ತಿದ್ದರು.

ನೆಲದ ಮಾತು ನಿಜವೇ. ಬಡಾವಣೆ ಇರುವುದು ಗುಡ್ಡದ ಇಳಿಜಾರಿನಲ್ಲಿ. ಆಳದಲ್ಲಿ ನೀರು ಸೇರಿಕೊಂಡು ಜೇಡಿಮಣ್ಣು ಜಾರತೊಡಗಿತ್ತು. ಅದರ ಮೇಲಿನ ಮನೆಗಳೂ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕೆಳಕ್ಕೆ ಸರಿಯುತ್ತಿದ್ದವು. ಬಾಗಿಲುಗಳು ಹೊಸ್ತಿಲಿಗೆ ಉಜ್ಜುತ್ತಿದ್ದವು. ಅಂಗಡಿಯ ಗೋಡೆಗೆ ತೂಗುಹಾಕಿದ ಫೋಟೋಗಳು ಸೊಟ್ಟಗಾದವೆಂದು ದೊಡ್ಡಮ್ಮ ಬೆಳಿಗ್ಗೆ ಎದ್ದು ಸರಿಪಡಿಸುತ್ತಿದ್ದಳು. ಫೋಟೋಗಳು ನೆಟ್ಟಗೇ ಇದ್ದವು, ವಾಲಿದ್ದು ಗೋಡೆ ಎಂದು ಗೊತ್ತಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ.

ಒಂದು ದಿನ ನಗರಸಭೆಯವರು ಬಂದರು. ಮನೆಮನೆಯ ಗೋಡೆಯಲ್ಲೂ ಬಿರುಕಿಗೆ ಅಡ್ಡವಾಗಿ ಬೆರಳಗಲದ ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಸಿಮೆಂಟು ಮೆತ್ತಿದರು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ, ಒಡೆದರೆ ತಿಳಿಸಿ ಎಂದಷ್ಟೇ ಹೇಳಿದರು. ಏಕೆಂದು ಅವರು ಹೇಳಲಿಲ್ಲ, ಬೀದಿಯವರು ಕೇಳಲಿಲ್ಲ. ಅವರು ಬೀದಿ ದಾಟುವ ಮೊದಲೇ ಸುದ್ದಿ ಹುಟ್ಟಿತು: ಗಾಜು ಒಡೆದ ಮನೆಗೆ ಬೀಗ ಹಾಕುತ್ತಾರಂತೆ.

ಮೊದಲು ಅಂಗಡಿಗೆ ಬಂದವಳು ಪಕ್ಕದ ಮನೆಯ ಟೈಲರ್. ಮುಚ್ಚಿದ ಅಂಗೈಯಲ್ಲಿ ಒಡೆದ ಪಟ್ಟಿ ಇತ್ತು.

"ಅಕ್ಕಾ, ಇದೇ ಅಳತೆಗೆ ಒಂದು ತುಂಡು ಬೇಕಿತ್ತು."

"ಯಾವ ಫೋಟೋಗೇ ಇಷ್ಟು ಸಣ್ಣದು?"

"ಎಲ್ಲಾ ಗೊತ್ತಿದ್ದೂ ಕೇಳ್ತೀಯಲ್ಲ. ಕೊಡು ಸುಮ್ನೆ."

ದೊಡ್ಡಮ್ಮ ಗಾಜಿನ ಮೇಲೆ ಕಟರ್ ಎಳೆದು, ಮೆಲ್ಲಗೆ ತಟ್ಟಿ, ಪಟ್ಟಿ ಮುರಿದುಕೊಟ್ಟಳು. ಆಮೇಲೆ ಬೀದಿಯವರೆಲ್ಲ ಒಬ್ಬೊಬ್ಬರಾಗಿ ಬಂದರು. ಅವಳ ಮನೆಯ ಗಾಜೂ ಒಡೆಯಿತು, ಬದಲಾಯಿಸಿದಳು. ಹೊಸ ಸಿಮೆಂಟು ಬೇರೆಯಾಗಿ ಕಾಣದಿರಲೆಂದು ಅದಕ್ಕೆ ಟೀ ಡಿಕಾಕ್ಷನ್ ಬಳಿದಳು. ಆ ಉಪಾಯವನ್ನೂ ಬೀದಿಗೆ ಹಂಚಿದಳು.

ಸ್ವಲ್ಪ ಸಮಯದ ನಂತರ ನಗರಸಭೆಯ ಇಂಜಿನಿಯರ್ ಹುಡುಗಿ ಟಾರ್ಚು ಹಿಡಿದು ಬಂದಳು. ಹುಡುಗಿ ಗಾಜಿನ ಪಟ್ಟಿ ನೋಡಿ ನಕ್ಕಳು.

"ನಿಮ್ಮ ಬೀದಿ ಗಟ್ಟಿ ಇದೆ ಆಂಟಿ. ಒಂದು ಗಾಜೂ ಒಡೆದಿಲ್ಲ. ಕೆಳಗಿನ ಬೀದೀಲಿ ಒಡೆದಿದೆ. ಅದಕ್ಕೇ ಬಾವಿ ಎಲ್ಲಾ ಅಲ್ಲೇ ಕೊರೀತಿದೀವಿ."

"ಎಂಥ ಬಾವಿ?"

"ಆಳದಲ್ಲಿರೋ ನೀರು ಪಂಪ್ ಮಾಡಿ ತೆಗೆಯೋಕೆ. ನೀರು ಇಳಿದ್ರೆ ಮಣ್ಣು ಜಾರೋದು ನಿಧಾನ ಆಗುತ್ತೆ."

"ನಮ್ಮ ಬೀದೀಲಿ?"

"ಇಲ್ಲಿ ಬೇಡ ಅಲ್ವಾ," ಎಂದು ಹುಡುಗಿ ಹೊರಟುಹೋದಳು.

ಅಂದಿನಿಂದ ದೊಡ್ಡಮ್ಮನಿಗೆ ನಿಂತಲ್ಲೂ ನಿಲ್ಲಲಾಗಲಿಲ್ಲ. ಕಟರ್ ಎಳೆದ ಗೆರೆ ಬಿಟ್ಟು ಗಾಜು ಬೇರೆಡೆಗೆ ಸೀಳತೊಡಗಿತು. ಮಹಡಿಗೆ ಹತ್ತುವಳು, ಮಲಗುವ ಕೋಣೆಯ ಬಿರುಕಿಗೆ ಬೆರಳು ತೂರಿಸುವಳು, ಇಳಿಯುವಳು. ಈಗ ಬೆರಳು ಗೆಣ್ಣಿನವರೆಗೂ ಹೋಗುತ್ತಿತ್ತು.

"ಆ ಹುಡುಗಿಗೆ ಹೇಳಿಬಿಡ್ಲಾ?" ಎಂದು ದೊಡ್ಡಪ್ಪನನ್ನು ಕೇಳಿದಳು.

"ಹೇಳಿದ್ರೆ ಬೀಗ ಹಾಕ್ತಾರೆ. ಹೇಳ್ದಿದ್ರೆ ಬೀಗ ಹಾಕೋಕೆ ಮನೇನೇ ಇರಲ್ಲ," ಎಂದರು ಅವರು. "ನಿನ್ನ ಇಷ್ಟ. ನಾನಂತೂ ಇಳಿಜಾರಲ್ಲಿ ಬ್ರೇಕ್ ಇಲ್ಲದ ಬಸ್ಸು ಓಡಿಸಿದೋನಲ್ಲ."

ಟೈಲರ್‌ಗೆ ಮಾತ್ರ ಮೊದಲೇ ತಿಳಿಸಬೇಕೆನಿಸಿತು. ಅವಳು ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳಿಸಿಕೊಂಡಳು.

"ಮಗೂನ ಚಿವುಟೋಳೂ ನೀನೇ, ತೊಟ್ಟಿಲು ತೂಗೋಳೂ ನೀನೇ. ಗಾಜು ಕತ್ತರಿಸಿ ಕೊಟ್ಟೋರು ಯಾರು?"

"ನಿಮ್ಮನೆ ಮಾತು ಎತ್ತಲ್ಲ. ನಮ್ಮನೇದಷ್ಟೇ ಹೇಳ್ತೀನಿ."

"ನಿಮ್ಮನೇಗೂ ನಮ್ಮನೇಗೂ ನಡುವೆ ಇರೋದು ಒಂದೇ ಗೋಡೆ, ಅಕ್ಕ."

ದೊಡ್ಡಮ್ಮ ಹೊರಗೆ ಬಂದಳು. ಚಪ್ಪಲಿ ಮೆಟ್ಟಿ ಕೆಳಗಿನ ಬೀದಿಗೆ ನಡೆದೇಬಿಟ್ಟಳು. ಅಲ್ಲಿ ಕೊರೆಯುವ ಯಂತ್ರ ಭೋರೆನ್ನುತ್ತಿತ್ತು. ಇಂಜಿನಿಯರ್ ಹುಡುಗಿಯನ್ನು ಕೈಹಿಡಿದು ಪಕ್ಕಕ್ಕೆ ಕರೆದಳು.

"ನಮ್ಮನೆ ಗಾಜು ಒಡೆದಿತ್ತು. ನಾನೇ ಬದಲಾಯಿಸ್ದೆ. ಒಂದು ಸಲ ಅಲ್ಲ."

ಹುಡುಗಿಯ ಮುಖದಿಂದ ನಗು ಹೋಯಿತು. "ಬೇರೆ ಮನೆಗಳಲ್ಲಿ?"

"ಬೇರೆಯವರ ಮನೆ ವಿಷಯ ನಂಗೇನು ಗೊತ್ತು?"

"ನಿಮ್ದು ಗಾಜಿನ ಅಂಗಡಿ ಅಲ್ವಾ ಆಂಟಿ?"

"ನೀನು ಮೊದಲು ನಮ್ಮನೇಗೆ ಬಾಮ್ಮ," ಎಂದಳು ದೊಡ್ಡಮ್ಮ.

ಸಂಜೆ ಹುಡುಗಿ ಮನೆಗೆ ಬಂದು, ಮಹಡಿಯ ಬಿರುಕು ನೋಡಿ, ಆ ಕೋಣೆಯಲ್ಲಿ ಇನ್ನು ಮಲಗಬೇಡಿ ಎಂದಳು. ಬೀಗದ ಸುದ್ದಿ ಪೂರ್ತಿ ಸುಳ್ಳಾಗಿರಲಿಲ್ಲ. ಮಂಚ ಕೆಳಗಿಳಿಸುವ ಸದ್ದಿಗೆ ಟೈಲರ್ ಬಾಗಿಲಿಗೆ ಬಂದಳು. ಮಂಚ ನೋಡಿದಳು, ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿದ್ದ ದೊಡ್ಡಪ್ಪನನ್ನು ನೋಡಿದಳು. ಒಳಗೆ ಹೋದಳು, ಮತ್ತೆ ಹೊರಗೆ ಬಂದಳು.

"ನಮ್ಮನೇಗೂ ಒಂದು ಸಲ ಬಂದು ನೋಡ್ಬಿಡಮ್ಮ," ಎಂದು ಹುಡುಗಿಗೆ ಹೇಳಿದಳು. "ಟೀ ಕುಡಿದ ಸಿಮೆಂಟು ನಮ್ಮಲ್ಲೂ ಇದೆ."

ಹುಡುಗಿ ಹೊರಡುವಷ್ಟರಲ್ಲಿ ಬೀದಿಯ ಎಲ್ಲ ಬಾಗಿಲುಗಳೂ ತೆರೆದಿದ್ದವು.

ಬಾವಿ ಕೊರೆದದ್ದು ದೊಡ್ಡಮ್ಮನ ಹಿತ್ತಲಲ್ಲೇ. ಬಟ್ಟೆ ಒಣಗಿಸುವ ತಂತಿ ತೆಗೆಯಬೇಕಾಯಿತು. ಮೊದಲು ಕೆಸರು ಬಂತು, ಆಮೇಲೆ ತಿಳಿನೀರು. ಪಂಪು ಹಗಲೂ ರಾತ್ರಿ ಗುಂಯ್‌ಗುಡುತ್ತದೆ. ಕರೆಂಟು ಹೋಗಿ ಅದು ನಿಂತರೆ ಸಾಕು, ಅಂಗಡಿಯಲ್ಲಿ ಮಲಗಿದ ದೊಡ್ಡಮ್ಮನಿಗೆ ಎಚ್ಚರವಾಗುತ್ತದೆ. ಸುತ್ತಲೂ ಕಟ್ಟು ಹಾಕಿದ ಫೋಟೋಗಳು. "ನಂಗೂ ಒಂದು ಕಟ್ಟು ಹಾಕಿ ಇಲ್ಲೇ ನೇತುಹಾಕಿಬಿಡು," ಎಂದು ದೊಡ್ಡಪ್ಪ ಮಗ್ಗಲು ಬದಲಿಸುತ್ತಾರೆ. "ಈ ಗೋಡೆಗೆ ಮೊಳೆ ನಿಲ್ಲಲ್ಲ ಬಿಡಿ," ಎನ್ನುತ್ತಾಳೆ ಅವಳು.

ಅಂಗಡಿಯ ಗೋಡೆಗೆ ಹುಡುಗಿ ಹೊಸದಾಗಿ ಅಂಟಿಸಿದ ಗಾಜು ಚಳಿಗಾಲವೆಲ್ಲ ತಡೆಯಿತು. ಹಿಂದೆ ಯಾವುದೂ ಅಷ್ಟು ದಿನ ತಡೆದಿರಲಿಲ್ಲ. ಮೊನ್ನೆ ಬೆಳಿಗ್ಗೆ ಅದರ ನಡುವೆ ಕೂದಲೆಳೆಯಂಥ ಒಂದು ಗೆರೆ ಕಾಣಿಸಿತು. ದೊಡ್ಡಮ್ಮ ಹಲ್ಲುಜ್ಜುತ್ತಿದ್ದವಳು ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡೇ ಅದರ ಮುಂದೆ ನಿಂತುಬಿಟ್ಟಳು. ಕಟರ್ ಎರಡು ಹೆಜ್ಜೆ ಆಚೆ ಮೇಜಿನ ಮೇಲಿತ್ತು. ಅವಳು ಅದರತ್ತ ನೋಡಿದ್ದನ್ನು ದೊಡ್ಡಪ್ಪ ನೋಡಿದರು.

"ಬ್ರೇಕ್ ಹಾಕಿದ ತಕ್ಷಣ ಬಸ್ಸು ನಿಲ್ಲುತ್ತೇನೇ? ಇನ್ನೂ ಸ್ವಲ್ಪ ದೂರ ಹೋಗುತ್ತೆ."

ದೊಡ್ಡಮ್ಮ ಬಾಯಿ ತೊಳೆದುಕೊಂಡು ಬಂದಳು. ಅಂಗಡಿಯ ಬಾಗಿಲನ್ನು ಅರ್ಧ ಎಳೆದು, "ನಗರಸಭೆಗೆ ಹೋಗಿ ಗಾಜು ಒಡೆದಿದೆ ಅಂತ ಹೇಳಿ ಬರ್ತೀನಿ. ಯಾರಾದ್ರೂ ಬಂದ್ರೆ ಕೂರಿಸಿ," ಎಂದು ಹೊರಟಳು. ಪಕ್ಕದ ಮನೆಯ ಮುಂದೆ ನಿಂತು ಟೈಲರ್‌ನ ಕಿಟಕಿಯನ್ನೂ ಒಮ್ಮೆ ಬಡಿದಳು.