ಪಳ್ಳಕ್ಕೆ ಮದ್ದು ಹೊಡೆದವಳು ನಾನು

ಶಶಿ, ಪಳ್ಳಕ್ಕೆ ಮದ್ದು ಹೊಡೆದವಳು ನಾನು.

ನಿನ್ನ ಅಪ್ಪ ಅಲ್ಲ. ಬೇರೆ ಯಾರೂ ಅಲ್ಲ. ನಾನು — ನಿನಗೆ ಏಳನೆಯ ಕ್ಲಾಸಿನಲ್ಲಿ ವಿಜ್ಞಾನ ಕಲಿಸಿದ ವಾರಿಜಾ ಟೀಚರ್. ಐದು ವರ್ಷ ಹೇಳದೆ ಇದ್ದೆ. ಹೇಳಬೇಕೆಂದು ನಿನ್ನ ಅಂಗಳದವರೆಗೆ ಬಂದು, ಬೇರೆ ಎಂತದೋ ಮಾತಾಡಿ ಹಿಂದೆ ಹೋದದ್ದು ಎಷ್ಟು ಸಲವೋ. ಬಾಯಲ್ಲಿ ಹೇಳಲು ನನ್ನಿಂದಾಗದು ಎಂದು ಖಚಿತವಾದ ಮೇಲೆ ಬರೆಯಲು ಕೂತಿದ್ದೇನೆ. ನಿನಗೆ ಗೊತ್ತಿರುವ ಸಂಗತಿಗಳೂ ಇದರಲ್ಲಿ ಬರುತ್ತವೆ. ಆದರೂ ಮೊದಲಿನಿಂದ ಹೇಳುತ್ತೇನೆ. ಯಾಕೆಂದರೆ ನಿನಗೆ ಗೊತ್ತಿರುವುದರಲ್ಲಿ ಅರ್ಧ ಸುಳ್ಳು, ಆ ಸುಳ್ಳು ನನ್ನದು.

ಆಗ ನಮ್ಮ ಪಳ್ಳ ಹೇಗಿತ್ತು ಅಂತ ನೆನಪುಂಟಲ್ಲ? ಪೇಟೆಯಿಂದ ಬಂದವರು 'ಕೆರೆ ಎಲ್ಲಿ?' ಎಂದು ಪಳ್ಳದ ದಡದಲ್ಲೇ ನಿಂತು ಕೇಳುತ್ತಿದ್ದರು. ನೀರು ಕಾಣುತ್ತಲೇ ಇರಲಿಲ್ಲ, ಮೇಲೆಲ್ಲ ಚಾಪೆ ಹಾಸಿದ ಹಾಗೆ ಅಂತರಗಂಗೆಯ ಕಳೆ. ಸುತ್ತಲಿನ ಬಾವಿಗಳ ತಳ ಕಾಣತೊಡಗಿದ ಮೇಲೆ ಊರಿಗೆ ಎಚ್ಚರವಾಯಿತು. ಪಂಚಾಯತಿನವರು, ಕ್ಲಬ್ಬಿನವರು, ಅಯಲ್‌ಕೂಟದ ಸ್ವಸಹಾಯ ಗುಂಪಿನ ಹೆಂಗಸರು ಸೇರಿ ಪಳ್ಳ ಉಳಿಸುವ ಸಮಿತಿ ಆಯಿತು. ನಿನ್ನ ಅಪ್ಪನಷ್ಟು ಆ ಪಳ್ಳವನ್ನು ಬಲ್ಲವರು ಸಮಿತಿಯಲ್ಲಿ ಯಾರೂ ಇರಲಿಲ್ಲ. ಹೂಳಿನ ಕೆಳಗೆ ಒರತೆ ಎಲ್ಲುಂಟು, ಎಲ್ಲಿ ಕಾಲಿಟ್ಟರೆ ಸೊಂಟದವರೆಗೆ ಹುಗಿಯುತ್ತದೆ ಎಂದು ನಿನ್ನ ಅಪ್ಪ, ನಮ್ಮೆಲ್ಲರ ಐತಪ್ಪಣ್ಣ, ಒಂದೊಂದು ಕಡೆ ಬಿದಿರು ನೆಟ್ಟು ತೋರಿಸಿದರು. ಹೂಳೆತ್ತಿ ಮೀನುಮರಿ ಬಿಟ್ಟಾಗ ಅವುಗಳನ್ನು ನೋಡಿಕೊಳ್ಳುವ ಕೆಲಸವೂ ಅವರಿಗೇ ಬಂತು. ಹರೆಯದಲ್ಲಿ ಕಾರೆಕಾಯಿ ಜಜ್ಜಿ ನೀರಿಗೆ ಹಾಕಿ, ಮೀನಿಗೆ ಅಮಲೇರಿಸಿ ಹಿಡಿಯುತ್ತಿದ್ದ ಕತೆಯನ್ನು ಅವರೇ ನಗುತ್ತಾ ಹೇಳಿದ್ದರು. ಆ ನಗುವೇ ಮುಂದೆ ಅವರಿಗೆ —

ಇರಲಿ, ಅದು ಮುಂದೆ ಬರುತ್ತದೆ.

ಪಳ್ಳಕ್ಕೆ ಹಗ್ಗ ಎಳೆದು ನಾಲ್ಕು ಪಾಲು ಮಾಡಿದೆವು. ನಿನ್ನ ಮನೆಯ ಮೇಲುಗಡೆಯ ಮೂಡು ಪಾಲು ನನಗೂ ಹತ್ತು ಮಂದಿ ಹೆಂಗಸರಿಗೂ ಬಂತು. ಎಳೆದು ದಡಕ್ಕೆ ಹಾಕಿದಷ್ಟೂ ಅಂತರಗಂಗೆ ಹದಿನೈದು ದಿನದಲ್ಲಿ ಮತ್ತೆ ತುಂಬುತ್ತಿತ್ತು. ಅಷ್ಟರಲ್ಲಿ ನಮ್ಮ ಜೊತೆಗಿದ್ದ ಲೀಲಾಳಿಗೆ ಇಲಿಜ್ವರ ಬಂತು. ಕಣ್ಣೆಲ್ಲ ಹಳದಿಯಾಗಿ ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದವಳನ್ನು ನೋಡಲು ಹೋದೆ. "ಟೀಚರ್ ಕರೆದರು ಅಂತ ಇವಳು ನೀರಿಗೆ ಇಳಿದದ್ದು" ಎಂದರು ಅವಳ ಅತ್ತೆ. ಬೈದದ್ದಲ್ಲ, ಸುಮ್ಮನೆ ಹೇಳಿದ್ದು. ಲೀಲಾ ಗುಣವಾಗಿ ಬಂದಳು. ಆದರೆ ಮತ್ತೆ ಯಾರನ್ನೂ ನೀರಿಗೆ ಇಳಿ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಅದೇ ಹೊತ್ತಿಗೆ ಜಿಲ್ಲೆಯ ದೊಡ್ಡ ಅಧಿಕಾರಿಯೊಬ್ಬರು ಪಳ್ಳ ನೋಡಲು ಬರುವ ದಿನ ನಿಶ್ಚಯವಾಯಿತು. ಉಳಿದ ಮೂರು ಪಾಲು ಕನ್ನಡಿಯ ಹಾಗಿತ್ತು. "ಟೀಚರೇ, ನಿಮ್ಮ ಪಾಲೊಂದು ಬಾಕಿ ಉಂಟಲ್ಲ" ಎಂದರು ಸಮಿತಿಯ ಅಧ್ಯಕ್ಷರು.

ಲೀಲಾಳ ಜ್ವರವನ್ನು ನೆಪವಾಗಿ ಹೇಳುತ್ತಿಲ್ಲ, ಶಶಿ. ಹೆದರಿದ್ದು ನಿಜ. ಹೆದರಿದವಳು 'ನಮ್ಮಿಂದಾಗದು, ಸಹಾಯ ಮಾಡಿ' ಎನ್ನಬಹುದಿತ್ತು. ನಾಲ್ಕು ಜನರ ಎದುರು ಹಾಗೆ ಹೇಳುವುದಕ್ಕಿಂತ —

ತೀರಿಹೋದ ನನ್ನ ಯಜಮಾನರು ರಬ್ಬರು ತೋಟದ ಹುಲ್ಲು ಸಾಯಿಸಲು ತಂದಿಟ್ಟ ಮದ್ದು ಕೊಟ್ಟಿಗೆಯ ಅಟ್ಟದಲ್ಲಿತ್ತು. ಊರಿಗೆ ಊರೇ ಪೆರ್ಲದಲ್ಲಿ ಒಂದು ಮದುವೆಯ ಊಟಕ್ಕೆ ಹೋದ ಭಾನುವಾರ. ಮಧ್ಯಾಹ್ನ, ಸುಡು ಬಿಸಿಲು. ಬೆನ್ನಿಗೆ ಪಂಪು ಕಟ್ಟಿಕೊಂಡು ಮೂಡು ಪಾಲಿನ ದಡದುದ್ದಕ್ಕೂ ನಡೆದೆ. ಗೇರುಗುಡ್ಡಗಳ ಮೇಲೆ ಆಕಾಶದಿಂದ ಮದ್ದು ಸುರಿದ ಜಿಲ್ಲೆಯವಳು ನಾನು. ಆ ಮದ್ದಿನಿಂದಾಗಿ ಬೆಂಚಿನಲ್ಲಿ ನೆಟ್ಟಗೆ ಕೂರಲಾಗದ ಮಕ್ಕಳನ್ನು ಅವರ ತಾಯಂದಿರು ಸೊಂಟದಲ್ಲಿ ಹೊತ್ತು ತಂದು ನನ್ನ ಕ್ಲಾಸಿನಲ್ಲಿ ಬಿಟ್ಟು ಹೋಗುತ್ತಿದ್ದರು. ನೀರಿಗೆ ಬಿದ್ದ ವಿಷ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಎಳೆದು ಕಲಿಸಿದವಳೂ ನಾನೇ. ಗೊತ್ತಿಲ್ಲದೆ ಮಾಡಿದೆ ಎನ್ನಲು ನನಗೆ ದಾರಿಯೇ ಇಲ್ಲ.

ಪಂಪು ಖಾಲಿಯಾದ ಹೊತ್ತಿಗೆ ಕೆಳಗಿನಿಂದ ನಿನ್ನ ಧ್ವನಿ ಕೇಳಿಸಿತು.

"ಟೀಚರ್, ಊಟಕ್ಕೆ ಹೋಗಲಿಲ್ಲವಾ?"

ನೀನು ಬಾವಿಕಟ್ಟೆಯಲ್ಲಿ ನಿಂತು ಹಗ್ಗ ಎಳೆಯುತ್ತಿದ್ದೆ. ಆರು ತಿಂಗಳ ಬಸುರಿ. ಗಂಡ ಗಲ್ಫಿನಲ್ಲಿ, ಅಪ್ಪ ಮದುವೆ ಮನೆಯಲ್ಲಿ. ಪಳ್ಳದ ಕಟ್ಟದಿಂದ ನಿನ್ನ ಬಾವಿಗೆ ಇಪ್ಪತ್ತು ಹೆಜ್ಜೆ ಇದ್ದೀತು, ಅಷ್ಟೇ. ಪಳ್ಳ ತುಂಬಿದರೆ ನಿನ್ನ ಬಾವಿ ತುಂಬುತ್ತದೆ ಎಂಬುದು ಊರಿಗೆಲ್ಲ ಗೊತ್ತು. ನಾನು ಪಂಪನ್ನು ಕೇದಗೆಯ ಪೊದೆಗೆ ನೂಕಿ, "ತಲೆನೋವು ಮಾರಾಯ್ತಿ, ಹೋಗಲಿಲ್ಲ" ಎಂದೆ. ನಿನ್ನ ಕೊಡ ತುಂಬಿತು. ನೀನು ಅದನ್ನು ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋದೆ. ಆ ಹೊತ್ತಿನಲ್ಲಿ 'ಆ ನೀರು ಕುಡಿಯಬೇಡ' ಎಂದು ನಾನು ಕೂಗಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ.

ಕೂಗಲಿಲ್ಲ.

ವಾರದೊಳಗೆ ಅಂತರಗಂಗೆ ಕಂದಾಗಿ ಕುಸಿಯಿತು. ದಡದಿಂದಲೇ ಉದ್ದ ಕೊಕ್ಕೆಕೋಲಿನಲ್ಲಿ ಎಳೆದು ಸಿಕ್ಕಿದಷ್ಟು ತೆಗೆದೆವು, ಉಳಿದದ್ದು ನೀರಿನಡಿಗೆ ಹೋಯಿತು. ಅಧಿಕಾರಿ ಬಂದರು. "ಈ ಬದಿ ಬಹಳ ಚೊಕ್ಕ" ಎಂದರು. ನನಗೆ ಶಾಲು ಹೊದೆಸಿದರು. ನಿನ್ನ ಅಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಎರಡು ದಿನ ಕಳೆದು ಮೀನು ತೇಲಿತು. ಹೊಟ್ಟೆ ಮೇಲೆ ಮಾಡಿಕೊಂಡು, ಇಡೀ ಪಳ್ಳದ ತುಂಬ. ಕೊಳೆತ ಅಂತರಗಂಗೆ ನೀರಿನ ಉಸಿರು ತಿಂದಿತ್ತೋ, ಮದ್ದೇ ಮೀನಿಗೆ ತಾಗಿತ್ತೋ — ಎರಡಕ್ಕೂ ಕಾರಣ ನಾನೇ. ಮೊದಲು ನೀರಿಗೆ ಇಳಿದವರು ನಿನ್ನ ಅಪ್ಪ. ಬುಟ್ಟಿಯಲ್ಲಿ ಎತ್ತಿ ಎತ್ತಿ ಹೂಳಿದರು. ಮಕ್ಕಳನ್ನು ಹೂಳುವವರ ಹಾಗಿತ್ತು ಅವರ ಮುಖ. ಆದರೆ ಜನ ಬುಟ್ಟಿ ನೋಡಿದರೇ ಹೊರತು ಮುಖ ನೋಡಲಿಲ್ಲ. "ಮೀನು ಸತ್ತ ಕೂಡಲೇ ಬುಟ್ಟಿ ಹಿಡಿದು ಬಂದದ್ದು ಯಾರು?" ಎಂದು ಒಬ್ಬರು. "ನಂಜು ಹಾಕುವ ಅಭ್ಯಾಸ ಮೊದಲಿಂದ ಉಂಟಲ್ಲ" ಎಂದು ಇನ್ನೊಬ್ಬರು.

ಶಾಲೆಯ ಜಗಲಿಯಲ್ಲಿ ಮೀಟಿಂಗು. ನೀನು ಬಂದಿರಲಿಲ್ಲ, ಆದ್ದರಿಂದ ಅಲ್ಲಿ ನಡೆದದ್ದನ್ನು ನಾನೇ ಹೇಳಬೇಕು. ನಿನ್ನ ಅಪ್ಪ ಮೊದಲು ಸಿಟ್ಟು ಮಾಡಿದರು, ಮತ್ತೆ ಬೇಡಿದರು, ಕೊನೆಗೆ ಎಲ್ಲರನ್ನೂ ಬಿಟ್ಟು ನನ್ನ ಕಡೆಗೆ ತಿರುಗಿದರು.

"ನನ್ನ ಮಗಳು ಕುಡಿಯುವ ನೀರಿಗೆ ನಾನು ನಂಜು ಹಾಕುವೆನಾ, ಟೀಚರ್? ನೀವಾದರೂ ಹೇಳಿ."

ಎಲ್ಲರೂ ನನ್ನನ್ನು ನೋಡಿದರು. ಸೆರಗು ಒತ್ತಿ ಹಿಡಿದುಕೊಂಡೆ. ಆಮೇಲೆ ಹೇಳಿದೆ —

"ನನಗೆ ಎಂತ ಗೊತ್ತು, ಐತಪ್ಪಣ್ಣ?"

ಅಷ್ಟೇ ಹೇಳಿದ್ದು. ಅವರ ಮೇಲೆ ನಾನು ಬೊಟ್ಟು ಮಾಡಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೊಟ್ಟು ಮಾಡುವ ಅಗತ್ಯವೇ ಬರಲಿಲ್ಲವಲ್ಲ. ಟೀಚರಿಗೇ ಸಂಶಯ ಉಂಟು ಎಂದು ಜನ ಅರ್ಥಮಾಡಿಕೊಂಡರು. ಮೀನಿನ ಕೆಲಸದಿಂದ ಅವರನ್ನು ತೆಗೆದರು. ನೀರು ಪರೀಕ್ಷೆಗೆ ಹೋಯಿತು. ವರದಿಯಲ್ಲಿ ವಿಷದ ಹೆಸರಿರಲಿಲ್ಲ, ಏಕೆಂದರೆ ಏನನ್ನು ಹುಡುಕಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬಹುದಾಗಿದ್ದವಳು ನಾನೊಬ್ಬಳೇ.

ಮರುದಿನ ನಿನ್ನನ್ನು ನೋಡಲು ಬಂದೆ. ಅದನ್ನು ನೀನು ಪ್ರೀತಿ ಎಂದುಕೊಂಡೆ. ನೀನೇ ಬೆಲ್ಲದ ತುಂಡು, ಒಂದು ಚೆಂಬು ನೀರು ತಂದಿಟ್ಟೆ. ಬಿಸಿಲಲ್ಲಿ ನಡೆದು ಗಂಟಲು ಒಣಗಿತ್ತು. ಚೆಂಬು ಎತ್ತಲು ಕೈ ಮುಂದೆ ಹೋಯಿತು, ಹಿಂದೆ ಬಂತು. ಆ ನೀರನ್ನು ನಾನು ಕುಡಿಯಲಾರೆ, ಶಶಿ. "ಇವತ್ತು ಉಪವಾಸ, ನೀರೂ ಇಲ್ಲ" ಎಂದು ಸುಳ್ಳು ಹೇಳಿದೆ. ನೀನು ಆ ಚೆಂಬನ್ನು ಎತ್ತಿ, ಎದುರಲ್ಲೇ ನಿಂತು ಗಟಗಟ ಕುಡಿದೆ. ನಾನು ನೋಡುತ್ತಾ ಕೂತಿದ್ದೆ.

"ನೀರು ಕುದಿಸಿ ಕುಡಿ" ಎಂದೆ ಹೊರಡುವಾಗ. ಕುದಿಸಿದರೆ ಅದು ಹೋಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮೆಟ್ಟಿಲಲ್ಲಿ ನೀನು ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದೆ. "ಟೀಚರ್, ಅಪ್ಪ ಹಾಗೆ ಮಾಡಿರಬಹುದಾ?" ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನ ಗುಟ್ಟು ಬಿಡದೆಯೂ ಅಷ್ಟು ಹೇಳಬಹುದಿತ್ತು. ನಾನು ನಿನ್ನ ತಲೆ ಸವರಿ ಮೆಟ್ಟಿಲು ಇಳಿದೆ. ನಿನ್ನ ಅಪ್ಪ ಉಪ್ಪಳದ ತಂಗಿಯ ಮನೆಗೆ ಹೋದದ್ದು ಸಮಿತಿಯ ಮಾತಿಗಲ್ಲ. ನೀನು ಅವರನ್ನು ನೋಡುವ ನೋಟ ಬೇರೆಯಾಯಿತು, ಅದನ್ನು ತಾಳಲಾರದೆ ಹೋದರು. ಆ ನೋಟ ನಿನಗೆ ಬಂದದ್ದು ನನ್ನ ಕೈಯಿಂದ.

ಆಮೇಲಿನ ಮೂರು ತಿಂಗಳು — ಅದನ್ನು ಹೇಗೆ ಬರೆಯಲಿ? ದಾರಿಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿದರೆ ಕೈಯ ಪಾತ್ರೆ ಬೀಳುತ್ತಿತ್ತು. ನಿನ್ನ ಮನೆಯ ಕಡೆಯಿಂದ ಯಾರಾದರೂ ಅವಸರದಲ್ಲಿ ಬಂದರೆ ಅಂಗಳಕ್ಕೆ ಓಡುತ್ತಿದ್ದೆ. ನನ್ನ ಕ್ಲಾಸಿನ ಆ ಮಕ್ಕಳ ಮುಖಗಳು ಒಂದೊಂದಾಗಿ ಕಣ್ಣೆದುರು ಬರುತ್ತಿದ್ದವು. ಸಾನ್ವಿ ಹುಟ್ಟಿದ ದಿನ ಆಸ್ಪತ್ರೆಗೆ ಬಂದವರಲ್ಲಿ ಮೊದಲಿಗಳು ನಾನು. ಮಗುವಿನ ಬಟ್ಟೆ ಸರಿಸಿ ಕೈಬೆರಳು, ಕಾಲ್ಬೆರಳು ಎಲ್ಲ ಎಣಿಸಿದೆ. "ಟೀಚರ್ ಮಗ್ಗಿ ಹೇಳ್ತಾರೆ" ಎಂದು ನೀನು ನಕ್ಕೆ. ಮಗು ಕತ್ತು ನಿಲ್ಲಿಸುವವರೆಗೆ ಒಂದು ಹೆದರಿಕೆ, ನಡೆಯುವವರೆಗೆ ಇನ್ನೊಂದು. ಎರಡು ವರ್ಷವಾದರೂ ಅವಳು ಮಾತಾಡದಿದ್ದಾಗ "ಕೆಲವು ಮಕ್ಕಳು ತಡ" ಎಂದು ನಿನಗೆ ಹೇಳಿ, ಮನೆಗೆ ಬಂದು ಮಾತು ಬಾರದ ಮಕ್ಕಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಮತ್ತೆ ಮಾತು ಬಂತು, ಈಗ ಬಾಯಿ ಮುಚ್ಚುವುದೇ ಇಲ್ಲ. ಮಗು ಚೆನ್ನಾಗಿದೆ. ಚೆನ್ನಾಗಿದೆ ಎಂದೇ ಕಾಣುತ್ತದೆ. ಆದರೂ ಅವಳು ಒಂದು ಸಲ ಕೆಮ್ಮಿದರೆ, ಕಲ್ಲಿಗೆ ಎಡವಿದರೆ, ನನ್ನ ಹೆದರಿಕೆ ಮೊದಲಿನಿಂದ ಶುರುವಾಗುತ್ತದೆ.

ಮೊನ್ನೆ ವಿಜಯದಶಮಿಗೆ ನೀನು ಅವಳನ್ನು ಕರೆದುಕೊಂಡು ಬಂದೆ, ಅಕ್ಕಿಯಲ್ಲಿ ಮೊದಲ ಅಕ್ಷರ ನನ್ನ ಕೈಯಿಂದಲೇ ಬರೆಸಬೇಕೆಂದು. "ಇವಳು ನಿಮ್ಮ ಹಾಗೇ ಆಗಬೇಕು ಟೀಚರ್" ಎಂದೆ. ಅವಳ ಪುಟ್ಟ ಬೆರಳು ನನ್ನ ಕೈಯೊಳಗೆ ಬಿಸಿಯಾಗಿತ್ತು. ಒಂದು ಅಕ್ಷರ ಬರೆಸಲು ನನ್ನಿಂದ ಆಗಲಿಲ್ಲ. ತಲೆಸುತ್ತು ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನೀನು ಹೊರಗೆ ನಿಂತು, "ಟೀಚರ್, ನೀರು ತರಲಾ?" ಎಂದು ಕೇಳುತ್ತಿದ್ದೆ.

ಆ ಮದ್ದಿನ ಹೆಸರನ್ನು ಈ ಕಾಗದದ ಹಿಂದೆ ದೊಡ್ಡದಾಗಿ ಬರೆದಿದ್ದೇನೆ. ಹಳೆ ಡಬ್ಬಿಯನ್ನೂ ಚೀಲದಲ್ಲಿ ಇಟ್ಟಿದ್ದೇನೆ, ಮಗುವಿನ ಕೈಗೆ ಸಿಗದ ಹಾಗೆ ಇಡು. ಮಗುವಿನ ಡಾಕ್ಟರರಿಗೆ ತೋರಿಸು. ಬಾವಿಯ ನೀರನ್ನು ಈ ಹೆಸರು ಹೇಳಿಯೇ ಪರೀಕ್ಷೆಗೆ ಕೊಡು. ಐದು ವರ್ಷದ ಮೇಲೆ ಅದರಲ್ಲಿ ಏನು ಉಳಿದಿದೆಯೋ, ಏನೂ ಉಳಿದಿಲ್ಲವೋ, ನನಗೆ ಗೊತ್ತಿಲ್ಲ. ಈ ಸಲ ನಿಜವಾಗಿಯೂ ಗೊತ್ತಿಲ್ಲ. ಸಮಿತಿಯ ಅಧ್ಯಕ್ಷರಿಗೂ ಪಂಚಾಯತಿಗೂ ಇದನ್ನೇ ಬರೆದು ಸಹಿ ಹಾಕಿದ್ದೇನೆ. ಪೊಲೀಸರಿಗೆ ಹೇಳಬೇಕೆಂದು ನಿನಗೆ ಅನ್ನಿಸಿದರೆ ಹೇಳು.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದು ಹಾಕಿದೆ. ಕೇಳುವ ಮುಖ ನನಗಿಲ್ಲ.

ಈಗ ಬೆಳಗಿನ ಏಳೂವರೆ. ಈ ಚೀಲವನ್ನು ನಿನ್ನ ಜಗಲಿಯ ಮೊಳೆಗೆ ತೂಗುಹಾಕಿ ಬಸ್ಸಿಗೆ ಹೋಗುತ್ತೇನೆ. ಕುಂಬಳೆಯಲ್ಲಿ ಇಳಿದು ಉಪ್ಪಳಕ್ಕೆ ಇನ್ನೊಂದು ಬಸ್ಸು. ನಿನ್ನ ಅಪ್ಪ ಮಾರ್ಕೆಟಿನಲ್ಲಿ ಮೀನು ಕೊಯ್ದು ಕೊಡುವ ಜಾಗ ನನಗೆ ಗೊತ್ತು. ಒಂದು ಸಲ ದೂರದಿಂದ ನೋಡಿ ಹಿಂದೆ ಬಂದಿದ್ದೇನೆ. ಅವರ ಮನೆಗೆ ಹೋಗಿ ಗುಟ್ಟಿನಲ್ಲಿ ಹೇಳುವುದು ನನಗೆ ಸುಲಭ. ಆದರೆ ಅವರ ಮರ್ಯಾದೆ ಹೋದದ್ದು ಜನರ ಎದುರು, ಜನರ ಎದುರೇ ಹೇಳಬೇಕು. ಕೈಯಲ್ಲಿ ಕತ್ತಿ ಹಿಡಿದು ಕೂತಿರುತ್ತಾರೆ, ಸುತ್ತ ಮೀನಿಗೆ ಬಂದವರು ಇರುತ್ತಾರೆ. ಅವರು ತಲೆ ಎತ್ತಿ "ಎಂತ ಟೀಚರ್, ಇಲ್ಲಿ?" ಎಂದು ಕೇಳಿದ ಮೇಲೆ ನನ್ನ ಬಾಯಿಂದ ಸ್ವರ ಬರುತ್ತದೋ ಇಲ್ಲವೋ. ಸಮಿತಿಯವರಿಗೆ ಬರೆದದ್ದರ ಇನ್ನೊಂದು ಪ್ರತಿ ಬ್ಯಾಗಿನಲ್ಲಿದೆ. ಸ್ವರ ಬಾರದಿದ್ದರೆ ಅದನ್ನು ಅಲ್ಲಿದ್ದವರ ಕೈಗೆ ಕೊಟ್ಟು ಎಲ್ಲರಿಗೂ ಕೇಳುವ ಹಾಗೆ ಓದಿಸುತ್ತೇನೆ.

ಹೆದರಿಕೆ ಹೋಗಿಲ್ಲ. ಹೋಗಲಿ ಎಂದು ಕಾಯುತ್ತಾ ಕೂತರೆ ಇನ್ನೂ ಐದು ವರ್ಷ ಹೋಗುತ್ತದೆ. ಹೊರಡುತ್ತೇನೆ.