ಬಾವನ ಬೋಳು ಕಾರು

ಹೋದ ವಾರ ಮೊಮ್ಮಗಳು ತಲೆಗೆ ಹಚ್ಚಿಕೊಳ್ಳಲು ಹರಳೆಣ್ಣೆ ಬಿಸಿಗಿಟ್ಟು ಫೋನಿನಲ್ಲಿ ಮಾತಿಗೆ ನಿಂತಳು. ಎಣ್ಣೆ ಸೀದು ಹೊಗೆ ಮನೆಯೆಲ್ಲ ತುಂಬಿತು. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯುತ್ತ ಓಡಾಡಿದಳು. ನಾನು ಕೂತಲ್ಲೇ ಕೂತು ಆಸೆಯಿಂದ ಉಸಿರೆಳೆದುಕೊಂಡೆ. ಅಜ್ಜಿಗೇನೋ ಆಯಿತೆಂದು ಮೊಮ್ಮಗಳು ಗಾಬರಿಯಾದಳು. ಏನೂ ಆಗಿರಲಿಲ್ಲ. ಸೀದ ಹರಳೆಣ್ಣೆಯ ವಾಸನೆ ಬಂದರೆ ನನಗೆ ನಮ್ಮ ಬಾವನ ಕಾರು ನೆನಪಾಗುತ್ತದೆ.

ಬಾವ ಎಂದರೆ ನಮ್ಮ ಯಜಮಾನರ ಅಣ್ಣ. ನಾನು ಪಿರಿಯಾಪಟ್ಟಣದಿಂದ ಕಟ್ಟೆಮಳಲವಾಡಿಗೆ ಸೊಸೆಯಾಗಿ ಬಂದದ್ದು ಮಹಾರಾಜರ ಕಾಲದಲ್ಲಿ, ಎರಡನೆಯ ಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲು. ನಾಲೆ ನೀರಿನ ಗದ್ದೆ, ಒಂದಿಷ್ಟು ಹೊಲ, ಕೊಟ್ಟಿಗೆ ತುಂಬ ದನ. ಆ ಕೊಟ್ಟಿಗೆಯಲ್ಲೇ ಹಸುಗಳ ಪಕ್ಕದಲ್ಲಿ ಒಂದು ಕಾರು. ಕೊಡಗಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ಇಂಗ್ಲೆಂಡಿಗೆ ಹಿಂದಿರುಗುವಾಗ ಮಾರಿ ಹೋದದ್ದಂತೆ. ಬಾವ ಅದನ್ನು ಕೊಂಡದ್ದೇನೋ ಸರಿ, ಆದರೆ ಕೊಂಡ ಹಾಗೆ ಇಟ್ಟುಕೊಳ್ಳಲಿಲ್ಲ.

ಅವರದು ಒಂದೇ ಸಿದ್ಧಾಂತ. ಕಾರಿಗೆ ಮೊದಲನೆಯ ಶತ್ರು ಭಾರ. ನಾನು ಬರುವ ಹೊತ್ತಿಗಾಗಲೇ ಮೇಲಿನ ಕ್ಯಾನ್ವಾಸ್ ಚಾವಣಿ ಹೋಗಿ ರಾಗಿ ಕಣಕ್ಕೆ ಹೊದಿಕೆಯಾಗಿತ್ತು. ಬಾಗಿಲುಗಳು ಕೋಳಿಗೂಡಿಗೆ ಸೇರಿದ್ದವು. ಹಿಂದಿನ ಸೀಟು ಜಗುಲಿಯ ಮೇಲಿತ್ತು, ಅದರಲ್ಲಿ ಮಾವನವರು ಕೂತು ಎಲೆಅಡಿಕೆ ಹಾಕುತ್ತಿದ್ದರು. ಮಡ್ಗಾರ್ಡು, ಹಾರನ್ನು, ಸಾಮಾನಿನ ಪೆಟ್ಟಿಗೆ, ನೀರಿನ ಡಬ್ಬ ಯಾವುದೂ ಉಳಿದಿರಲಿಲ್ಲ. ಊರಿನವರು ಅದಕ್ಕೆ ಬೋಳುಗಾಡಿ ಎಂದು ಹೆಸರಿಟ್ಟಿದ್ದರು. ಹಾರನ್ ಇಲ್ಲದ್ದರಿಂದ ನಮ್ಮ ಯಜಮಾನರು ಪಕ್ಕದಲ್ಲಿ ಕೂತು "ದಾರೀ... ದಾರಿ ಬುಡ್ರಪ್ಪಾ" ಎಂದು ಕೂಗಬೇಕಾಗಿತ್ತು. ಆ ಕೆಲಸದಿಂದ ಅವರ ಗಂಟಲು ಯಾವಾಗಲೂ ಕಟ್ಟಿರುತ್ತಿತ್ತು.

ಇಂಜಿನ್ನಿನ ತಲೆಭಾಗವನ್ನು ತೇದು ತೆಳ್ಳಗೆ ಮಾಡಿದರೆ ಒಳಗಿನ ಒತ್ತಡ ಹೆಚ್ಚಿ ಶಕ್ತಿ ಹೆಚ್ಚುತ್ತದೆ ಎಂಬುದು ಅವರ ಇನ್ನೊಂದು ನಂಬಿಕೆ. ಅದಕ್ಕಾಗಿ ಒಂದು ಮಳೆಗಾಲ ಪೂರ್ತಿ ಅಣ್ಣತಮ್ಮಂದಿರಿಬ್ಬರೂ ಆ ಕಬ್ಬಿಣದ ತುಂಡನ್ನು ಚಪ್ಪಡಿ ಕಲ್ಲಿನ ಮೇಲಿಟ್ಟು, ಮರಳು ಹಾಕಿ, ಎದುರುಬದುರು ಕೂತು ಗಂಧ ತೇಯುವ ಹಾಗೆ ತೇದರು. ಬಾವನ ಹೆಂಡತಿ, ನಾನು ಅಕ್ಕ ಅನ್ನುತ್ತಿದ್ದೆ, ಅದನ್ನು ನೋಡಿ "ಸವ್ತೀಗೆ ಸಿಂಗಾರ ನಡೀತಾ ಅದೆ" ಎಂದು ನಗುತ್ತಿದ್ದರು.

ಹರಳೆಣ್ಣೆಯ ಕತೆ ಶುರುವಾದದ್ದೂ ಆಗಲೇ. ಇಂಗ್ಲೆಂಡಿನ ಪಂದ್ಯದ ಕಾರುಗಳಿಗೆಲ್ಲ ಹರಳೆಣ್ಣೆಯನ್ನೇ ಹಾಕುವುದು, ಎಷ್ಟು ಬಿಸಿಯಾದರೂ ಅದು ತೆಳ್ಳಗಾಗುವುದಿಲ್ಲ ಎಂದು ಆ ತೋಟದ ದೊರೆ ಹೇಳಿದ್ದನಂತೆ. ನಮ್ಮಲ್ಲಿ ಹರಳು ಬೇಕಾದಷ್ಟಿತ್ತು. ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ಎಣ್ಣೆ ತೆಗೆಯುವ ಕೆಲಸ ಕಿರಿಸೊಸೆಯಾದ ನನ್ನ ಪಾಲಿಗೆ ಬಂತು. ಆದರೆ ಒಂದು ತೊಡಕಿತ್ತು. ಬಾವ ನನ್ನ ಹತ್ತಿರ ಮಾತಾಡುವ ಹಾಗಿರಲಿಲ್ಲ. ತಮ್ಮನ ಹೆಂಡತಿಯೊಡನೆ ಬಾವ ನೇರವಾಗಿ ಮಾತಾಡುವುದು ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ. ಅವರು ಬಂದರೆ ನಾನು ಬಾಗಿಲ ಮರೆಗೆ ಸರಿಯಬೇಕು, ನಾನು ಎದುರಾದರೆ ಅವರು ಸೂರು ನೋಡಬೇಕು. ಹಾಗಾಗಿ ಒಲೆಯ ಹತ್ತಿರ ನಿಂತಿದ್ದ ನನಗೆ ಅಪ್ಪಣೆಯೆಲ್ಲ ಅತ್ತೆಯ ಮೂಲಕ ಬರುತ್ತಿತ್ತು.

"ಅವ್ಳಿಗೇಳವ್ವಾ, ಎಣ್ಣೆ ಇನ್ನೊಂದ್ ಕಿತ ಸೋಸ್ಲಿ. ಗಸಿ ಒಳಕ್ಕೋದ್ರೆ ಇಂಜಿನ್ನು ಕೆಮ್ತದೆ."

ನಾನು ಮೂರು ಮೊಳ ದೂರದಲ್ಲೇ ಇರುತ್ತಿದ್ದೆ. ಆದರೂ ಅತ್ತೆ ತಿರುಗಿ ನಿಂತು ಅದನ್ನೇ ಮತ್ತೆ ಹೇಳುತ್ತಿದ್ದರು, ಅದೂ ತಪ್ಪುತಪ್ಪಾಗಿ. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಬಾವ ಕಾರಿನ ವಿಷಯ ಹೇಳಲು ಶುರುಮಾಡಿದರೆ ನಾನು ಬಾಗಿಲ ಮರೆಯಲ್ಲಿ ಕೆಲಸ ಬಿಟ್ಟು ನಿಂತು ಕೇಳುತ್ತಿದ್ದೆ. ಹಾಗೆ ಕೇಳಿ ಕೇಳಿಯೇ ಕಾರ್ಬುರೇಟರ್ ಅಂದರೇನು, ಕ್ಲಚ್ಚು ಅಂದರೇನು ಎಲ್ಲ ಕಲಿತೆ. ನನಗೆ ಅದರ ಹುಚ್ಚು ಹಿಡಿದಿತ್ತು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಾರಿಗೊಂದು ದೊಡ್ಡ ದುರಭ್ಯಾಸವಿತ್ತು. ಹೋಗುವಾಗ ಗಾಳಿಯಂತೆ ಹೋಗುತ್ತಿತ್ತು, ಬರುವಾಗ ಎತ್ತಿನ ಹಿಂದೆ ಬರುತ್ತಿತ್ತು. ಹನಗೋಡಿಗೆ ಹೋದರೂ ಅಷ್ಟೆ, ಮೈಸೂರಿಗೆ ಹೊರಟರೂ ಅಷ್ಟೆ. ಎಲ್ಲೋ ನಿಂತುಹೋಗಿ, ಆಳು ಬಂದು ಹೇಳಿ, ಇಲ್ಲಿಂದ ನೊಗ ಹಗ್ಗ ಹೊತ್ತು ಎತ್ತು ಹೊಡೆದುಕೊಂಡು ಹೋಗಬೇಕು. ಉಳುಮೆಯ ದಿನವೂ ಹೀಗಾದಾಗ ಮಾವನವರಿಗೆ ಸಿಟ್ಟು ನೆತ್ತಿಗೇರಿತು.

"ನೋಡ್ಲಾ, ಇನ್ನೊಂದ್ ಸತಿ ಇದ್ನ ನನ್ನ ಎತ್ತು ಎಳ್ಕಂಡ್ ಬಂದ್ರೆ, ಇಂಜಿನ್ ಬಿಚ್ಸಿ ಗದ್ದೆಗ್ ನೀರೆತ್ತಕ್ಕೆ ನಿಲ್ಲಿಸ್ತೀನಿ. ಅಷ್ಟೇಯ."

ಮಾವನವರ ಮಾತು ಎಂದರೆ ಕಲ್ಲಿನ ಮೇಲಿನ ಗೆರೆ. ಬಾವನ ಮುಖ ಸಣ್ಣಗಾಯಿತು. ಅವತ್ತು ಅವರು ಊಟಕ್ಕೆ ಏಳಲಿಲ್ಲ. ನನಗೂ ಅನ್ನ ಸೇರಲಿಲ್ಲ.

ಹುಣಸೂರಿನ ಬಸ್ ನಿಲ್ದಾಣದ ಕಾಫಿ ಹೋಟೆಲಿನಲ್ಲಿ ಬಾವನ ವಾದ ನಡೆಯುತ್ತಿದ್ದುದು ಬಸ್ಸಿನ ಸಾಹೇಬರ ಜೊತೆ. ಅವರು ಮಡಿಕೇರಿ ದಾರಿಯ ಬಸ್ಸಿನ ಡ್ರೈವರು, ಬಾವನ ಪ್ರಾಣಸ್ನೇಹಿತರು. ಯಜಮಾನರು ಮನೆಗೆ ಬಂದು ಆ ವಾದಗಳನ್ನೆಲ್ಲ ನನಗೆ ಆಡಿ ತೋರಿಸುತ್ತಿದ್ದರು. ಕಂಪನಿಯವನು ಪುಕ್ಕಲರಿಗೋಸ್ಕರ ಕಾರು ಮಾಡುತ್ತಾನೆ, ಅದರ ನಿಜವಾದ ಓಟವನ್ನು ನಾವೇ ಬಿಚ್ಚಿ ಹೊರಗೆ ತೆಗೆಯಬೇಕು ಎಂಬುದು ಬಾವನ ಮತ. ಕಂಪನಿಯವನೇನು ಪೆದ್ದನೇ, ಹಾಕಿದ್ದನ್ನೆಲ್ಲ ಯೋಚಿಸಿಯೇ ಹಾಕಿರುತ್ತಾನೆ ಎಂಬುದು ಸಾಹೇಬರ ಮತ. ತಿರುವಿನ ಒಳಗೆ ಬ್ರೇಕು ಒತ್ತುವವನು ಹೇಡಿ, ತಿರುವಿಗೆ ಮೊದಲೇ ಒತ್ತಿ ಆಮೇಲೆ ಬಿಡುವವನು ಡ್ರೈವರು ಎಂದು ಬಾವ ಹೇಳಿದರೆ ಅದೊಂದನ್ನು ಮಾತ್ರ ಸಾಹೇಬರು ಒಪ್ಪುತ್ತಿದ್ದರಂತೆ. ಮಾತು ಬೆಳೆದು ಬೆಳೆದು ಕೊನೆಗೆ ಪಂದ್ಯಕ್ಕೆ ಬಂತು. ಹುಣಸೂರಿನ ನಿಲ್ದಾಣದಿಂದ ಪಿರಿಯಾಪಟ್ಟಣದ ನಿಲ್ದಾಣಕ್ಕೆ. ಬಸ್ಸು ಜನರನ್ನು ಹತ್ತಿಸಿಕೊಂಡು ಇಳಿಸಿಕೊಂಡೇ ಹೋಗಬೇಕು, ಅದಕ್ಕೆ ಬದಲಾಗಿ ಬಾವ ಹಿಂದಿನಿಂದ ಹೊರಡಬೇಕು.

ವಿಜಯದಶಮಿಯ ದಿನ ನನ್ನನ್ನು ತವರಿಗೆ ಕಳಿಸುವುದಿತ್ತು. ಅದೇ ನೆಪವಾಯಿತು. ಪಂದ್ಯದ ಸುದ್ದಿ ಹಿರಿಯರಿಗೆ ಗೊತ್ತಿರಲಿಲ್ಲ. ನನ್ನ ಟ್ರಂಕು ಹಿಂದಿನಿಂದ ಎತ್ತಿನ ಗಾಡಿಯಲ್ಲಿ ಬರಲಿ, ಕಾರಿಗೆ ಭಾರ ಬೇಡ ಎಂದು ಅತ್ತೆಯ ಮೂಲಕ ಅಪ್ಪಣೆಯಾಯಿತು. ತವರಿಗೆಂದು ಕಟ್ಟಿದ್ದ ಒಬ್ಬಟ್ಟಿನ ಪಾತ್ರೆಯೊಂದನ್ನು ಮಾತ್ರ ನಾನು ಮಡಿಲಿಗೆ ತೆಗೆದುಕೊಂಡೆ.

ಹಿಂದಿನ ದಿನ ಆಯುಧಪೂಜೆ. ಅತ್ತೆ ನೇಗಿಲು, ಕುಡುಗೋಲಿನ ಜೊತೆ ಕಾರಿಗೂ ತಾವೇ ಪೂಜೆ ಮಾಡಿದ್ದರು. ಎರಡು ಬದಿಗೆ ಬಾಳೆಕಂದು, ಮುಂದಿನ ಜಾಲರಿಯ ಮೇಲೆ ತೋಳು ಗಾತ್ರದ ಚೆಂಡುಹೂವಿನ ಹಾರ, ಅದರ ಮೇಲೆ ಮಾವಿನೆಲೆ. ಇಂಜಿನ್ನಿನ ನೀರು ತಣಿಸುವ ರೇಡಿಯೇಟರು ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. "ಗಾಳಿ ಆಡಲ್ಲ ಕಣವ್ವಾ" ಎಂದು ಬಾವ ಗೊಣಗಿದರು. "ದೇವ್ರು ಕೂತವ್ನೆ, ತೆಗೀಬ್ಯಾಡ. ಗಾಳಿ ಬೇಕಾದ್ರೆ ಬೀಸಣಿಗೆ ಇಡ್ಕಂಡೋಗು" ಎಂದರು ಅತ್ತೆ. ಬಾಗಿಲು ಕಿತ್ತು ಕೋಳಿಗೆ ಕೊಟ್ಟ ಮನುಷ್ಯ, ತಾಯಿ ಕಟ್ಟಿದ ಹಾರದ ಒಂದು ಹೂವನ್ನೂ ಮುಟ್ಟಲಿಲ್ಲ.

ಹುಣಸೂರಿನಲ್ಲಿ ನೋಡಿದರೆ ಸಾಹೇಬರ ಬಸ್ಸಿಗೂ ಹಾರವಿತ್ತು, ಆದರೆ ಅವರು ಅದನ್ನು ಮೇಲೆ, ಬೋರ್ಡಿಗೆ ಕಟ್ಟಿಸಿಕೊಂಡಿದ್ದರು. ಬಸ್ಸು ಹೊರಟು ಮರೆಯಾದ ಮೇಲೆ ನಾವು ಹೊರಟೆವು. ಹಿಂದೆ ಸೀಟಿರಲಿಲ್ಲವಲ್ಲ, ಕಂಬಳಿ ಮಡಿಸಿ ಅದರ ಮೇಲೆ ನಾನು ಕೂತಿದ್ದೆ. ಮುಂದೆ ಅಣ್ಣತಮ್ಮಂದಿರು. ಆ ಓಟ, ಆ ಸದ್ದು, ಮುಖಕ್ಕೆ ಬಡಿಯುವ ಗಾಳಿ, ಎರಡು ಕಡೆ ಓಡುವ ಆಲದ ಮರಗಳು... ತವರಿಗೆ ಹೋಗುತ್ತಿದ್ದೇನೆ ಎಂಬುದೇ ನನಗೆ ಮರೆತುಹೋಗಿತ್ತು.

ಅರ್ಧ ದಾರಿಯ ಏರಿನಲ್ಲಿ ಬಸ್ಸು ಕಾಣಿಸಿತು. ಕಾರು ಮಾತ್ರ ಏದುಸಿರು ಬಿಡತೊಡಗಿತ್ತು. ಬಾವ ತಮ್ಮನ ಕಡೆ ತಿರುಗಿ "ಇಳ್ಕಳ್ಳೋ, ನೀನೇ ಭಾರ. ಹಿಂದ್ಲು ಗಾಡೀಲಿ ಬಾ" ಎಂದುಬಿಟ್ಟರು. ನಮ್ಮ ಯಜಮಾನರು ಅಣ್ಣನ ಮಾತು ಮೀರದವರು. ಕಾರು ನಿಧಾನವಾದ ಕಡೆ ನೆಗೆದು ಇಳಿದರು. ಹಿಂದೆ ಹೆಂಡತಿ ಕೂತಿದ್ದಾಳೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲವೋ, ಹೊಳೆದರೂ ಆ ಭರದಲ್ಲಿ ಬೇಡವಾಯಿತೋ...

ಏರು ಹತ್ತಿ ಬಸ್ಸನ್ನು ಹಿಂದೆ ಹಾಕಿದೆವು. ಸ್ವಲ್ಪ ದೂರಕ್ಕೇ ಹಾರದ ಸಂದಿನಿಂದ ಬುಸ್ಸೆಂದು ಆವಿ ಎದ್ದಿತು. ಬೆಂದ ಚೆಂಡುಹೂವಿನ ಘಾಟು. ಕಾರು ರಸ್ತೆ ಬದಿಗೆ ನಿಂತಿತು. ಬಸ್ಸು ಬಂತು, ಕಿಟಕಿಗಳಲ್ಲೆಲ್ಲ ತಲೆ, ಕೇಕೆ. ಸಾಹೇಬರು ಕೈ ಬೀಸಿ "ಗೌಡ್ರೇ, ಓಡೋದಲ್ಲ, ಮುಟ್ಟೋದು ನೋಡ್ರೀ!" ಎಂದು ಕೂಗಿ ಹೋದರು.

ಬಾವ ಇಳಿದು ಹಾರದ ಮುಂದೆ ಕೈಕಟ್ಟಿ ನಿಂತರು. ತೆಗೆದರೆ ತಾಯಿಯ ಮಾತು ಮೀರಿದ ಹಾಗೆ, ಬಿಟ್ಟರೆ ಕಾರು ಮತ್ತೆ ಎತ್ತಿನ ಹಿಂದೆ. ಅಷ್ಟು ಎತ್ತರದ ಆಳು ಅಲ್ಲಿ ಏನೂ ತೋಚದೆ ನಿಂತದ್ದು ನೋಡಿ ನನಗೆ ಸುಮ್ಮನೆ ಕೂರಲಾಗಲಿಲ್ಲ. ನಾನು ಇಳಿದು, ಸೆರಗು ಸಿಕ್ಕಿಸಿ, ಹಾರ ಕಿತ್ತೆ. ಬಾಳೆಕಂದು ಕಿತ್ತೆ. ಮಾವಿನೆಲೆ ಕಿತ್ತೆ. ಎಲ್ಲವನ್ನೂ ಒಂದು ಮರದ ಬುಡಕ್ಕೆ ಇಟ್ಟು ಕೈಮುಗಿದು ಬಂದೆ. ಬಾವ ಆಗಲೂ ಆಕಾಶ ನೋಡುತ್ತಿದ್ದರು, ನಾನು ಯಾರೋ ಎಂಬಂತೆ.

ನೀರು ತರಲು ಪಾತ್ರೆ ಇರಲಿಲ್ಲ, ಡಬ್ಬವನ್ನು ಭಾರವೆಂದು ಎಸೆದಾಗಿತ್ತಲ್ಲ. ಒಬ್ಬಟ್ಟನ್ನು ಕಂಬಳಿಯ ಮೇಲೆ ಸುರಿದು, ಆ ಪಾತ್ರೆಯಲ್ಲಿ ರಸ್ತೆ ಬದಿಯ ಹಳ್ಳದಿಂದ ನೀರು ತಂದೆ. ಆವಿ ಇಳಿದ ಮೇಲೆ ಬಾವ ಸ್ವಲ್ಪ ಸ್ವಲ್ಪವೇ ಹೊಯ್ದರು. ಕಾರು ಎದ್ದಿತು, ಆದರೆ ಹೊಟ್ಟೆಯೊಳಗೆ ಟಕಟಕ ಎಂಬ ಸದ್ದು. ಬಾವ ಕಿವಿ ಕೊಟ್ಟು ಆಲಿಸಿದರು. ಆಮೇಲೆ ತಿರುಗಿ, ಮೊದಲನೆಯ ಸಲ, ನನ್ನ ಮುಖ ನೋಡಿದರು.

"ಏನವ್ವಾ, ಏನ್ಮಾಡಾನ? ನಿದಾನಕ್ಕೋದ್ರೆ ಮನೆ ಮುಟ್ತದೆ. ಜೋರಾಗ್ ಬುಟ್ರೆ ಬಸ್ಸು ಸಿಕ್ತದೆ, ಆದ್ರೆ ಇಂಜಿನ್ನು ಉಳಿಯಾಕಿಲ್ಲ."

ಹುಟ್ಟಿದ ಮನೆಯಲ್ಲಿ ಅಪ್ಪ ನನ್ನನ್ನು ಹೀಗೆ ಕೇಳಿದ್ದಿಲ್ಲ. ಮದುವೆಯ ವಿಷಯವನ್ನೂ ಕೇಳಿರಲಿಲ್ಲ. ಮಾವನವರ ಮಾತು ನೆನಪಿತ್ತು. ಎಲ್ಲ ಗೊತ್ತಿದ್ದೂ ಹೇಳಿದೆ.

"ಬುಡಿ ಬಾವ. ಜೋರಾಗೇ ಬುಡಿ."

ಅವರು ನಕ್ಕರು. ಆ ನಗು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಹತ್ತಿ ಸೀಟಿನ ಬೆನ್ನು ಹಿಡಿದುಕೊಂಡೆ. ಯಜಮಾನರ ಕೆಲಸ ನನಗೇ ಬಂದಿತ್ತು, "ದಾರಿ, ದಾರಿ" ಎಂದು ನಾನೇ ಕೂಗಿದೆ. ಎದುರಿಗೆ ಬಂದ ಗಾಡಿಯವರು ಹೆಂಗಸಿನ ದನಿ ಕೇಳಿ ಬಾಯಿಬಿಟ್ಟು ನಿಂತರು. ಪಟ್ಟಣದ ಹತ್ತಿರದ ತಿರುವಿನಲ್ಲಿ ಬಸ್ಸು ಸಿಕ್ಕಿತು. ಬಾವ ತಿರುವಿಗೆ ಮೊದಲೇ ಬ್ರೇಕು ಒತ್ತಿ, ಬಿಟ್ಟು, ಒಳಬದಿಯಿಂದ ನುಗ್ಗಿದರು. ನಿಲ್ದಾಣದ ಮುಂದೆ ಬಸ್ಸಿಗಿಂತ ಮೊದಲು ನಿಂತೆವು. ನಿಂತೆವು ಅನ್ನುವುದಕ್ಕಿಂತ, ಇಂಜಿನ್ನು ಧಡಕ್ಕನೆ ಕಚ್ಚಿಕೊಂಡು ತಾನೇ ನಿಂತಿತು. ಸಾಹೇಬರು ಇಳಿದು ಬಂದು ಬಾವನನ್ನು ತಬ್ಬಿಕೊಂಡರು. "ಹುಚ್ಚು ಗೌಡ್ರೇ, ಗೆದ್ರಿ, ಗಾಡಿ ಕೊಂದ್ರಿ" ಎಂದರು. ಅವರ ಕಣ್ಣಿನಲ್ಲಿ ನೀರಿತ್ತು.

ಮಾರನೆಯ ದಿನ ಎತ್ತುಗಳು ಬಂದವು. ಮಾವನವರು ಮಾತಿಗೆ ತಪ್ಪಲಿಲ್ಲ. ಸಾಹೇಬರೇ ಬಂದು ಕಚ್ಚಿಕೊಂಡ ಇಂಜಿನ್ನನ್ನು ಬಿಡಿಸಿ, ಮಾಮೂಲಿ ಎಣ್ಣೆ ಹಾಕಿ ಗದ್ದೆಯ ಬದುವಿನಲ್ಲಿ ಕೂರಿಸಿಕೊಟ್ಟರು. ಮೇಲಿನ ಮಡಿಗಳಿಗೂ ನೀರು ಹತ್ತಿತು. ಹಾರ ತೆಗೆದದ್ದು ಯಾರು, ಜೋರಾಗಿ ಬಿಟ್ಟದ್ದು ಏಕೆ ಎಂದು ಅತ್ತೆ, ಮಾವ ಇಬ್ಬರೂ ಕೇಳಿದರು. ಎರಡಕ್ಕೂ ಬಾವ "ನಾನೇಯ" ಎಂದರು.

ನಾನು ತವರಿನಿಂದ ಬಂದ ಮೇಲೆ ಒಂದು ದಿನ ಬಾವ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೇರವಾಗಿ ನನ್ನನ್ನೇ ಕೇಳಿದರು, ಮೇಲಿನ ಗದ್ದೆಗೆ ಕಬ್ಬು ಹಾಕೋಣವೋ ಬತ್ತವೋ ಎಂದು. ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. ತಮ್ಮನ ಹೆಂಡತಿಯ ಜೊತೆ ಇದೇನು ಮಾತು ಎಂದು ರೇಗಿದರು. ಬಾವ ಹೇಳಿದ್ದು ಇಷ್ಟೇ.

"ನನ್ ಕಾರಲ್ಲಿ ಕೂತೋಳು ಕಣವ್ವಾ ಅವ್ಳು."

ಅಲ್ಲಿಂದ ಮುಂದೆ ಆ ಮನೆಯಲ್ಲಿ ನನ್ನನ್ನು ಕೇಳದೆ ಏನೂ ನಡೆಯಲಿಲ್ಲ. ಹೊಲ ಕೊಳ್ಳುವಾಗ, ಹೆಣ್ಣುಮಕ್ಕಳನ್ನು ಹುಣಸೂರಿನ ಶಾಲೆಗೆ ಕಳಿಸುವಾಗ, ಅಕ್ಕ ಕಾಯಿಲೆ ಬಿದ್ದಾಗ ಯಾವ ಆಸ್ಪತ್ರೆ ಎನ್ನುವಾಗ, ಬಾವ ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು. ಕಾರು ಮಾತ್ರ ಮತ್ತೆ ಕೊಳ್ಳಲಿಲ್ಲ. ಯುದ್ಧ ಬಂತು, ಪೆಟ್ರೋಲು ಸಿಗದಾಯಿತು, ಆಮೇಲೆ ವಯಸ್ಸಾಯಿತು. ರಸ್ತೆಯಲ್ಲಿ ಹೋಗುವ ಲಾರಿಗಳ ಸದ್ದು ಕೇಳಿ, ಡ್ರೈವರುಗಳನ್ನು ಜಗುಲಿಯ ಮೇಲಿಂದಲೇ ಬೈಯುವುದನ್ನು ಕೊನೆಯವರೆಗೂ ಬಿಡಲಿಲ್ಲ.

ಅವರು ಹೋಗಿ ಬಹಳ ವರ್ಷವಾಯಿತು. ನಮ್ಮ ಯಜಮಾನರೂ ಇಲ್ಲ, ಸಾಹೇಬರೂ ಇಲ್ಲ. ಮನೆ ತುಂಬ ಮಕ್ಕಳು ಮೊಮ್ಮಕ್ಕಳಿದ್ದಾರೆ, ಒಳ್ಳೆಯವರು, ದಿನಕ್ಕೆ ಹತ್ತು ಸಲ ವಿಚಾರಿಸುತ್ತಾರೆ. ಅಜ್ಜಿ ಊಟ ಆಯ್ತಾ, ಅಜ್ಜಿ ಮಾತ್ರೆ ತಗೊಂಡ್ರಾ, ಅಜ್ಜಿ ಚಳಿ ಆಗ್ತಿದೆಯಾ. ಏನ್ಮಾಡಾನ ಎಂದು ಕೇಳುವವರು ಯಾರೂ ಇಲ್ಲ.